ಬೆಂಕಿಯಿಲ್ಲದ ಬಾಣ

ದೀಪಾವಳಿಯ ರಾತ್ರಿ ಅಂಗಳದಲ್ಲಿ ಸೀಸೆಯೊಂದನ್ನು ನಿಲ್ಲಿಸಿ, ಅದರ ಬಾಯೊಳಗೆ ಬಾಣದ ಕಡ್ಡಿಯನ್ನಿಳಿಸಿ, ಬತ್ತಿಗೆ ಊದುಬತ್ತಿ ಮುಟ್ಟಿಸಿ ಹಿಂದಕ್ಕೆ ಓಡಿ ಬಂದು ನಿಂತ ಆ ಎರಡು ಕ್ಷಣಗಳನ್ನು ನಮ್ಮಲ್ಲಿ ಯಾರು ತಾನೆ ಮರೆತಾರು? ಸುಂಯ್ ಎಂದು ಮೇಲೇರಿದ ಬಾಣ ಕಣ್ಣಿಗೆ ಮರೆಯಾದ ಮೇಲೆ ದೊಡ್ಡವರು ಮನೆಯೊಳಕ್ಕೆ ಹೋಗಿಬಿಡುತ್ತಾರೆ. ಮಕ್ಕಳಲ್ಲಿ ಒಬ್ಬನೋ ಒಬ್ಬಳೋ ಮಾತ್ರ ಅಂಗಳದಲ್ಲಿಯೇ ನಿಂತಿರುವುದುಂಟು. ಅದು ಎಷ್ಟು ಎತ್ತರಕ್ಕೆ ಹೋಯಿತು? ಬಾಲಕ್ಕೆ ಕಟ್ಟಿದ ಆ ಕಡ್ಡಿ ಇಲ್ಲದಿದ್ದರೆ ಏನಾಗುತ್ತಿತ್ತು? ಅಂಥದೊಂದನ್ನು ನಾವೇ ಮಾಡಬಹುದೆ? ಹೀಗೆ ಕೇಳಿಕೊಳ್ಳುವ ಮಗುವಿನಲ್ಲಿ ವಿಜ್ಞಾನಿಯೊಬ್ಬನ ಮೊಳಕೆ ಇದೆ ಎಂದು ನಾವು ನಂಬುತ್ತೇವೆ. ಆದರೆ ಮೂರನೆಯ ಪ್ರಶ್ನೆಗೆ ಸರಿಯಾದ ಉತ್ತರ ಸಮಯಕ್ಕೆ ದೊರೆಯದೆ ಹೋದರೆ ಆ ಮೊಳಕೆ ಸುಟ್ಟುಹೋಗುವುದೂ ಉಂಟು.

ಇದನ್ನು ನಾವು ಅಲಂಕಾರಕ್ಕಾಗಿ ಹೇಳುತ್ತಿಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ತರಗತಿಯ ವಿದ್ಯಾರ್ಥಿಯೊಬ್ಬನು ಪಾಠ ಮುಗಿದ ಮೇಲೆ ಬಂದು, "ಸರ್, ರಾಕೆಟ್ಟು ಮಾಡುವುದು ಹೇಗೆ?" ಎಂದು ಕೇಳಿದನು. ಮುಂದಿನ ತರಗತಿಗೆ ಹೊತ್ತಾಗಿತ್ತು. "ಅದೆಲ್ಲ ಅಪಾಯ, ಆ ಗೋಜಿಗೆ ಹೋಗಬೇಡ" ಎಂದಷ್ಟೇ ಹೇಳಿ ನಾವು ನಡೆದುಬಿಟ್ಟೆವು. ಒಂದು ತಿಂಗಳು ಕಳೆದಿರಲಿಲ್ಲ, ಹುಡುಗನು ಎಡಗೈಗೆ ಬಟ್ಟೆ ಸುತ್ತಿಕೊಂಡು ಕಾಲೇಜಿಗೆ ಬಂದನು. ಪಟಾಕಿಗಳ ಮದ್ದನ್ನು ಕಬ್ಬಿಣದ ಕೊಳವೆಯೊಂದರಲ್ಲಿ ತುಂಬುತ್ತಿದ್ದಾಗ ಅದು ಸಿಡಿದಿತ್ತು. ಕಣ್ಣು ಉಳಿದದ್ದು ಅವನ ಪುಣ್ಯ. ಎರಡು ಬೆರಳುಗಳು ಇಂದಿಗೂ ಮಡಿಚುವುದಿಲ್ಲ. ಅವನು ಕೇಳಿದ್ದು ದಾರಿಯನ್ನು. ನಾವು ಕೊಟ್ಟದ್ದು ನಿಷೇಧವನ್ನು. ಅಂದು ಹೇಳಬೇಕಾಗಿದ್ದು ಹೇಳದೆ ಉಳಿದ ಮಾತನ್ನೇ ಈ ಲೇಖನದಲ್ಲಿ ಬರೆಯುತ್ತಿದ್ದೇವೆ.

ಆ ಮಾತಿನ ಸಾರ ಇಷ್ಟು: ರಾಕೆಟ್ಟು ಮಾಡಲು ಮದ್ದು ಬೇಕಾಗಿಲ್ಲ. ಒಂದು ಬಾಟಲಿ, ಮೂರು ಲೋಟ ನೀರು, ಒಂದು ಸೈಕಲ್ ಪಂಪು ಸಾಕು. ಇವುಗಳಿಂದ ಮಾಡಿದ ಬಾಣ ಶ್ರೀಹರಿಕೋಟೆಯಿಂದ ಮೇಲೇರುವ ರಾಕೆಟ್ಟು ಪಾಲಿಸುವ ನಿಯಮವನ್ನೇ ಪಾಲಿಸುತ್ತದೆ.

ನಮ್ಮ ನೆಲದ ಬಾಣ

ಮೈಸೂರಿನಿಂದ ಹುಣಸೂರಿಗೆ ಹೋಗುವ ಹೆದ್ದಾರಿಯಲ್ಲಿ ಇಲವಾಲವಿದೆ. ೧೯೫೭ರ ಸೆಪ್ಟೆಂಬರಿನಲ್ಲಿ ವಿನೋಬಾ ಭಾವೆಯವರ ಸಮ್ಮುಖದಲ್ಲಿ ಗ್ರಾಮದಾನ ಪರಿಷತ್ತು ಸೇರಿದ್ದು ಇಲ್ಲಿಯೇ. ಪ್ರಧಾನಿ ನೆಹರೂ ಅವರೂ ಅದರಲ್ಲಿ ಪಾಲ್ಗೊಂಡಿದ್ದರು. ಅದಾದ ಎರಡು ವಾರಕ್ಕೆ, ಅಕ್ಟೋಬರ್ ೪ರಂದು, ರಷ್ಯದವರು ಸ್ಪುಟ್ನಿಕ್ ಉಪಗ್ರಹವನ್ನು ಹಾರಿಸಿದರು. ಆಕಾಶಯುಗ ಅಂದು ಆರಂಭವಾಯಿತೆಂದು ಪುಸ್ತಕಗಳು ಹೇಳುತ್ತವೆ. ಆದರೆ ಇಲವಾಲದ ಸುತ್ತಣ ಈ ನೆಲಕ್ಕೆ ರಾಕೆಟ್ಟಿನ ಪರಿಚಯ ಅದಕ್ಕಿಂತ ಬಹಳ ಹಳೆಯದು. ಇಲ್ಲಿಂದ ಶ್ರೀರಂಗಪಟ್ಟಣಕ್ಕೆ ಒಂದು ಗಂಟೆಯ ಪಯಣ. ಅಲ್ಲಿಯ ದರಿಯಾ ದೌಲತ್ ಅರಮನೆಯ ಗೋಡೆಯ ಮೇಲೆ ೧೭೮೦ರ ಸೆಪ್ಟೆಂಬರ್ ೧೦ರಂದು ಕಾಂಚೀಪುರದ ಬಳಿ ನಡೆದ ಪೊಲ್ಲಿಲೂರು ಕದನದ ದೊಡ್ಡ ವರ್ಣಚಿತ್ರವಿದೆ. ಕರ್ನಲ್ ಬೇಲಿಯ ಸೇನೆಯ ನಡುವೆ ಮದ್ದಿನ ಬಂಡಿಯೊಂದು ಸಿಡಿಯುತ್ತಿರುವುದನ್ನು ಅದರಲ್ಲಿ ಕಾಣಬಹುದು. ಆ ಬಂಡಿಗೆ ಬೆಂಕಿ ಹೊತ್ತಿಸಿದ್ದು ಹೈದರಾಲಿಯ ಸೈನ್ಯದ ಬಾಣಗಳೇ ಇರಬೇಕೆಂದು ಹಲವರು ಬರೆದಿದ್ದಾರೆ.

ಮದ್ದಿನ ಬಾಣ ಮೈಸೂರಿಗಿಂತ ಬಹು ಹಿಂದೆಯೇ ಚೀನದಲ್ಲಿತ್ತು, ಯೂರೋಪಿನಲ್ಲಿತ್ತು, ಭಾರತದ ಇತರ ಭಾಗಗಳಲ್ಲಿಯೂ ಇತ್ತು. ಹಾಗಾದರೆ ಮೈಸೂರಿನವರು ಸೇರಿಸಿದ್ದೇನು? ಇತರರು ಮದ್ದನ್ನು ಕಾಗದದ ಅಥವಾ ಬಿದಿರಿನ ಕೊಳವೆಯಲ್ಲಿ ತುಂಬುತ್ತಿದ್ದರು. ಮೈಸೂರಿನ ಕಮ್ಮಾರರು ಕಬ್ಬಿಣದ ತಗಡನ್ನು ಬಡಿದು ಸುತ್ತಿ, ಸುಮಾರು ಒಂದು ಗೇಣುದ್ದದ ಕೊಳವೆ ಮಾಡಿದರು. ಅದನ್ನು ಆಳುದ್ದಕ್ಕೆ ಹತ್ತಿರದ ಬಿದಿರ ಗಳುವಿಗೆ ಬಿಗಿದರು. ಕಬ್ಬಿಣವು ಕಾಗದಕ್ಕಿಂತ ಹೆಚ್ಚು ಒತ್ತಡವನ್ನು ತಡೆಯುತ್ತದೆ. ಒಳಗಿನ ಒತ್ತಡ ಹೆಚ್ಚಿದಷ್ಟೂ ಅನಿಲವು ಹಿಂದಿನ ತೂತಿನಿಂದ ಹೆಚ್ಚು ವೇಗದಲ್ಲಿ ಹೊರಡುತ್ತದೆ. ಅದರ ವೇಗ ಹೆಚ್ಚಿದಷ್ಟೂ ಬಾಣ ದೂರ ಹಾರುತ್ತದೆ. ಹೀಗಾಗಿ ಮೈಸೂರಿನ ಬಾಣಗಳು ಒಂದು ಕಿಲೋಮೀಟರಿಗೂ ಮಿಕ್ಕಿ ಹೋಗುತ್ತಿದ್ದವು. ಹಿರಿಮೆ ಮದ್ದಿನದಲ್ಲ, ಪಾತ್ರೆಯದು. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

೧೭೯೯ರ ಏಪ್ರಿಲ್‌ನಲ್ಲಿ, ಶ್ರೀರಂಗಪಟ್ಟಣದ ಹೊರಗಿನ ಸುಲ್ತಾನ್‌ಪೇಟೆಯ ತೋಪಿನಲ್ಲಿ, ಕತ್ತಲೆಯಲ್ಲಿ ಬಂದ ಬಾಣಗಳಿಗೂ ಗುಂಡುಗಳಿಗೂ ಸಿಕ್ಕಿ ದಿಕ್ಕುಗೆಟ್ಟವರಲ್ಲಿ ಕರ್ನಲ್ ಆರ್ಥರ್ ವೆಲ್ಲೆಸ್ಲಿ ಒಬ್ಬನು. ಮುಂದೆ ವಾಟರ್ಲೂ ಕದನದಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ವೆಲಿಂಗ್ಟನ್ ದೊರೆ ಇವನೇ. ಅದೇ ವರ್ಷದ ಮೇ ೪ರಂದು ಪಟ್ಟಣ ಬಿದ್ದ ಮೇಲೆ ಈ ಬಾಣಗಳು ಇಂಗ್ಲೆಂಡಿನ ವೂಲಿಚ್ ಶಸ್ತ್ರಾಗಾರವನ್ನು ಸೇರಿದವು. ವಿಲಿಯಂ ಕಾಂಗ್ರೀವ್ ಎಂಬಾತನು ಮೈಸೂರಿನ ಬಾಣಗಳ ಸುದ್ದಿಯಿಂದ ಪ್ರೇರಿತನಾಗಿ ಪ್ರಯೋಗ ನಡೆಸಿ ತನ್ನ ರಾಕೆಟ್ಟುಗಳನ್ನು ಸಿದ್ಧಪಡಿಸಿದನು. ಅವನ್ನು ೧೮೦೭ರಲ್ಲಿ ಕೋಪನ್‌ಹೇಗನ್ ನಗರದ ಮೇಲೂ ೧೮೧೪ರಲ್ಲಿ ಅಮೆರಿಕದ ಬಾಲ್ಟಿಮೋರ್ ಕೋಟೆಯ ಮೇಲೂ ಪ್ರಯೋಗಿಸಲಾಯಿತು. ಈ ಚರಿತ್ರೆಯನ್ನು ನಮ್ಮ ಕಾಲದಲ್ಲಿ ವೈಜ್ಞಾನಿಕವಾಗಿ ಪರಿಶೀಲಿಸಿದವರು ಬೆಂಗಳೂರಿನ ವಾಯುಯಾನ ವಿಜ್ಞಾನಿ ರೊದ್ದಂ ನರಸಿಂಹ ಅವರು. ಮೈಸೂರು ಮತ್ತು ಬ್ರಿಟನ್ನಿನ ರಾಕೆಟ್ಟುಗಳ ಬಗ್ಗೆ ಅವರ ಪ್ರಬಂಧ ೧೯೮೫ರಲ್ಲಿ ಹೊರಬಂದಿತು. ೨೦೧೮ರ ಜುಲೈನಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ ಹಾಳು ಬಾವಿಯೊಂದನ್ನು ಅಗೆದಾಗ ಸಾವಿರಕ್ಕೂ ಹೆಚ್ಚು ತುಕ್ಕು ಹಿಡಿದ ಕಬ್ಬಿಣದ ಬಾಣಗಳು ದೊರೆತವು.

ಇದು ಹೆಮ್ಮೆಪಡತಕ್ಕ ವಿಷಯವೇ ಸರಿ. ಆದರೆ ಅವು ಮನುಷ್ಯರನ್ನು ಕೊಲ್ಲುವುದಕ್ಕಾಗಿ ಮಾಡಿದ ಬಾಣಗಳು ಎಂಬುದನ್ನೂ ಮರೆಯಲಾಗದು. ಕಬ್ಬಿಣದ ಕೊಳವೆ ಒತ್ತಡವನ್ನು ತಾಳುವವರೆಗೆ ಮಿತ್ರ. ತಾಳದೆ ಹೋದಾಗ ಅದರ ಒಂದೊಂದು ಚೂರೂ ಗುಂಡು. ರಣರಂಗದಲ್ಲಿ ಗುಣವೆನಿಸಿದ್ದು ಹಿತ್ತಿಲಲ್ಲಿ ನಮ್ಮ ವಿದ್ಯಾರ್ಥಿಯ ಬೆರಳುಗಳನ್ನು ತೆಗೆದುಕೊಂಡಿತು.

ಪಾದರಕ್ಷೆಯ ವ್ಯಾಪಾರಿಯ ಉಪಾಯ

ಸ್ಪುಟ್ನಿಕ್ಕಿನ ಆಸುಪಾಸಿನ ವರ್ಷಗಳಲ್ಲಿ ಇದೇ ತೊಂದರೆ ಅಮೆರಿಕದಲ್ಲಿಯೂ ಕಾಣಿಸಿಕೊಂಡಿತು. ಊರೂರುಗಳಲ್ಲಿ ಹುಡುಗರು ಕೊಳವೆಗಳಿಗೆ ಮದ್ದು ತುಂಬಿ ಗಾಯಗೊಳ್ಳತೊಡಗಿದರು. ವೈಟ್ ಸ್ಯಾಂಡ್ಸ್ ರಾಕೆಟ್ ನೆಲೆಯಲ್ಲಿ ಕೆಲಸಮಾಡುತ್ತಿದ್ದ ಹ್ಯಾರಿ ಸ್ಟೈನ್ ಎಂಬುವರು ೧೯೫೭ರ ಆದಿಯಲ್ಲಿ ಈ ಅಪಾಯಗಳ ವಿಷಯವಾಗಿ ಪತ್ರಿಕೆಯೊಂದರಲ್ಲಿ ಬರೆದರು. ಅದನ್ನು ಓದಿದವರಲ್ಲಿ ನೆಬ್ರಾಸ್ಕದ ನಾರ್ಫೋಕ್ ಎಂಬ ಊರಿನ ಆರ್ವಿಲ್ ಕಾರ್ಲೈಲ್ ಒಬ್ಬರು. ಇವರದು ಪಾದರಕ್ಷೆಯ ಅಂಗಡಿ. ಬಾಣಬಿರುಸುಗಳ ವಿದ್ಯೆ ಇವರ ಹವ್ಯಾಸ. ತಮ್ಮ ಸೋದರ ರಾಬರ್ಟನ ಪ್ರಾತ್ಯಕ್ಷಿಕೆಗಳಿಗೆಂದು ೧೯೫೪ರಲ್ಲಿಯೇ ಇವರು ಕಾಗದದ ಪುಟ್ಟ ರಾಕೆಟ್ಟನ್ನೂ ಅದಕ್ಕೆ ತಕ್ಕ ಮದ್ದಿನ ಸುರುಳಿಯನ್ನೂ ರಚಿಸಿದ್ದರು. ಅವುಗಳ ಮಾದರಿಗಳನ್ನು ಸ್ಟೈನರಿಗೆ ಕಳುಹಿಸಿದರು. ಮಾದರಿ ರಾಕೆಟ್ಟುಗಳ ಹವ್ಯಾಸ ಹುಟ್ಟಿದ್ದು ಹೀಗೆ.

ಇದರಲ್ಲಿದ್ದ ಉಪಾಯ ಸರಳವಾದದ್ದು. ಅಪಾಯದ ಕೆಲಸವನ್ನು, ಎಂದರೆ ಮದ್ದನ್ನು ಬೆರೆಸಿ ಒತ್ತುವುದನ್ನು, ಹುಡುಗನ ಕೈಯಿಂದ ತೆಗೆದು ಪರಿಣತರ ಕಾರ್ಖಾನೆಗೆ ಒಪ್ಪಿಸುವುದು. ವಿನ್ಯಾಸ, ರಚನೆ, ಲೆಕ್ಕಾಚಾರ, ಹಾರಾಟ ಇವನ್ನೆಲ್ಲ ಹುಡುಗನಿಗೆ ಬಿಡುವುದು. ಅವರ ಸುರಕ್ಷತಾ ನಿಯಮಗಳ ಪ್ರಕಾರ ಮಾದರಿ ರಾಕೆಟ್ಟು ಕಾಗದ, ಹಗುರವಾದ ಮರ, ಪ್ಲಾಸ್ಟಿಕ್ ಇಂಥವುಗಳಿಂದಲೇ ಆಗಬೇಕು. ಬತ್ತಿಗೆ ಕಡ್ಡಿ ಗೀರುವಂತಿಲ್ಲ. ಸಣ್ಣ ರಾಕೆಟ್ಟಾದರೂ ಕಡೆಯ ಪಕ್ಷ ಹದಿನೈದು ಅಡಿ ದೂರ ನಿಂತು ವಿದ್ಯುತ್ತಿನಿಂದ ಹೊತ್ತಿಸಬೇಕು. ಅದು ಮೇಲೇರಿ ಪ್ಯಾರಾಷೂಟನ್ನು ಬಿಚ್ಚಿಕೊಂಡು ಮೆಲ್ಲಗೆ ಇಳಿಯಬೇಕು. ಮೈಸೂರಿನ ಬಾಣದಿಂದ ಎಲ್ಲವನ್ನೂ ಕಲಿತು, ಕಬ್ಬಿಣವನ್ನು ಮಾತ್ರ ಬಿಟ್ಟುಬಿಟ್ಟಂತಾಯಿತು.

ಹಾಗಾದರೆ ಅದೇ ಸುರುಳಿಗಳನ್ನು ತರಿಸಿ ನಾವೂ ಆರಂಭಿಸಬಹುದಲ್ಲವೆ ಎಂದು ಓದುಗರು ಕೇಳಬಹುದು. ಅವು ಆಟಿಕೆಯ ಅಂಗಡಿಯಲ್ಲಿ ಕೊಳ್ಳುವ ಸಾಮಾನಲ್ಲ. ವಿಮಾನದ ಪೆಟ್ಟಿಗೆಯಲ್ಲಿ ಅವನ್ನು ತರುವಂತಿಲ್ಲ. ಮನೆಯಲ್ಲಿ ಮದ್ದು ಬೆರೆಸುವುದಂತೂ ೧೮೮೪ರ ಸ್ಫೋಟಕ ಕಾಯಿದೆಗೆ ವಿರುದ್ಧ. ಕಾಯಿದೆ ಒತ್ತಟ್ಟಿಗಿರಲಿ, ಉಜ್ಜುವಿಕೆಯಿಂದಲೂ ಸ್ಥಿರವಿದ್ಯುತ್ತಿನ ಕಿಡಿಯಿಂದಲೂ ಹೊತ್ತಿಕೊಳ್ಳುವ ಪದಾರ್ಥದೊಡನೆ ಒಲೆಯ ಪಕ್ಕದಲ್ಲಿ ಪ್ರಯೋಗ ನಡೆಸುವುದು ವಿವೇಕವಲ್ಲ. ಕಾಲೇಜಿನ ವಿದ್ಯಾರ್ಥಿಗಳು ತಕ್ಕ ಮೇಲ್ವಿಚಾರಣೆಯಲ್ಲಿ ಮುಂದುವರಿಯಲು ಈಗ ದಾರಿಗಳು ತೆರೆಯುತ್ತಿವೆ. ೨೦೨೪-೨೫ರ ಸಾಲಿಗೆ ಇನ್-ಸ್ಪೇಸ್ ಸಂಸ್ಥೆಯವರು ಮಾದರಿ ರಾಕೆಟ್ಟುಗಳ ಸ್ಪರ್ಧೆಯೊಂದನ್ನು ಏರ್ಪಡಿಸಿದ್ದರು. ಆದರೆ ಆರಂಭಿಸುವವನಿಗೆ ನೀರಿಗಿಂತ ಉತ್ತಮ ಗುರು ಇಲ್ಲ.

ನೀರು ಹೇಗೆ ನೂಕುತ್ತದೆ?

ರಾಕೆಟ್ಟು ಹಿಂದಿರುವ ಗಾಳಿಯನ್ನು ಒದ್ದು ಮುಂದೆ ಹೋಗುತ್ತದೆಂಬ ತಪ್ಪು ತಿಳಿವಳಿಕೆ ಇಂದಿಗೂ ಹಲವರಲ್ಲಿದೆ. ೧೯೨೦ರಲ್ಲಿ ನ್ಯೂಯಾರ್ಕಿನ ಹೆಸರಾಂತ ಪತ್ರಿಕೆಯೊಂದು ಇದನ್ನೇ ನಂಬಿ, ಗಾಳಿಯಿಲ್ಲದ ಕಡೆ ರಾಕೆಟ್ಟು ನಡೆಯಲಾರದೆಂದು ರಾಬರ್ಟ್ ಗಾಡರ್ಡ್ ಎಂಬ ವಿಜ್ಞಾನಿಯನ್ನು ಹಾಸ್ಯಮಾಡಿತ್ತು. ಮನುಷ್ಯರು ಚಂದ್ರನತ್ತ ಹೊರಟ ಮೇಲೆ, ೧೯೬೯ರ ಜುಲೈನಲ್ಲಿ, ಅದು ತನ್ನ ತಪ್ಪನ್ನು ಒಪ್ಪಿಕೊಂಡಿತು. ನಿಜಸಂಗತಿ ಬೇರೆ. ತೆಪ್ಪದ ಮೇಲೆ ನಿಂತು ಭಾರವಾದ ಕಲ್ಲನ್ನು ಹಿಂದಕ್ಕೆಸೆದರೆ ತೆಪ್ಪ ಮುಂದಕ್ಕೆ ಸರಿಯುತ್ತದೆ. ಕಲ್ಲಿಗೆ ನಾವು ಕೊಟ್ಟ ನೂಕಿಗೆ ಪ್ರತಿಯಾಗಿ ಕಲ್ಲು ನಮಗೆ ಅಷ್ಟೇ ನೂಕನ್ನು ಕೊಡುತ್ತದೆ. ಇದು ನ್ಯೂಟನ್ನನ ಮೂರನೆಯ ನಿಯಮ. ಎಸೆಯುವ ವಸ್ತು ಬಿಸಿ ಅನಿಲವೇ ಆಗಬೇಕೆಂದು ನ್ಯೂಟನ್ನನು ಎಲ್ಲಿಯೂ ಹೇಳಿಲ್ಲ. ಅದು ನೀರಾದರೂ ಆದೀತು.

ನೀರನ್ನು ಎಸೆಯುವ ಶಕ್ತಿ ಎಲ್ಲಿಂದ ಬರಬೇಕು? ಅದುಮಿಟ್ಟ ಗಾಳಿಯಿಂದ. ಎರಡು ಲೀಟರ್ ಬಾಟಲಿಯೊಂದರಲ್ಲಿ ಮೂರನೆಯ ಒಂದು ಭಾಗ ನೀರು ಹಾಕಿ, ಅದನ್ನು ತಲೆಕೆಳಗು ನಿಲ್ಲಿಸಿ, ಉಳಿದ ಜಾಗದಲ್ಲಿ ಹೊರಗಿನ ಗಾಳಿಗಿಂತ ಮೂರು ವಾಯುಭಾರದಷ್ಟು ಹೆಚ್ಚು ಒತ್ತಡ ಬರುವವರೆಗೆ ಪಂಪು ಹೊಡೆದೆವೆನ್ನೋಣ. ಬಾಯಿ ತೆರೆದೊಡನೆ ನೀರು ಸೆಕೆಂಡಿಗೆ ೨೪ ಮೀಟರಿಗೂ ಹೆಚ್ಚು ವೇಗದಿಂದ ಹೊರಕ್ಕೆ ಹಾರುವುದೆಂದು ಲೆಕ್ಕ ತೋರಿಸುತ್ತದೆ. ಇದು ಹೆದ್ದಾರಿಯಲ್ಲಿ ಓಡುವ ಕಾರಿನ ವೇಗ. ಬಾಯಿಯ ಅಡ್ಡಳತೆ ಸುಮಾರು ೨೨ ಮಿಲಿಮೀಟರ್ ಇದ್ದರೆ ಆರಂಭದ ನೂಕುಬಲ ಸುಮಾರು ೨೩ ಕಿಲೋಗ್ರಾಂ ತೂಕಕ್ಕೆ ಸಮ. ನೀರೂ ಸೇರಿ ರಾಕೆಟ್ಟಿನ ತೂಕವಾದರೋ ೮೦೦ ಗ್ರಾಂ. ತನ್ನ ತೂಕದ ಸುಮಾರು ಮೂವತ್ತರಷ್ಟು ಬಲ ಅದನ್ನು ಮೇಲಕ್ಕೆ ನೂಕುತ್ತದೆ! ನೀರೆಲ್ಲ ಹೊರಹೋಗಲು ಹಿಡಿಯುವ ಕಾಲ ಸೆಕೆಂಡಿನ ಹತ್ತನೆಯ ಒಂದು ಭಾಗದ ಆಸುಪಾಸು. ಕಣ್ಣೆವೆ ಮಿಟುಕಿಸುವಷ್ಟರಲ್ಲಿ ಎಲ್ಲವೂ ಮುಗಿದಿರುತ್ತದೆ. ಉಳಿದ ಏರಿಕೆಯೆಲ್ಲ ಆ ಕ್ಷಣದಲ್ಲಿ ಗಳಿಸಿದ ವೇಗದ ಫಲ.

ನೀರು ಮೂರನೆಯ ಒಂದು ಭಾಗವೇ ಏಕೆ? ಇದು ತರಗತಿಯಲ್ಲಿ ಬಾಯ್ಲನ ನಿಯಮವನ್ನು ಉರುಹೊಡೆದವರೆಲ್ಲ ಯೋಚಿಸತಕ್ಕ ಪ್ರಶ್ನೆ. ಬಾಟಲಿಯ ಮೂರರಲ್ಲಿ ಎರಡು ಭಾಗ ನೀರು ತುಂಬಿದರೆ ಗಾಳಿಗೆ ಉಳಿಯುವುದು ಒಂದೇ ಭಾಗ. ಹೊರಗಿನ ಒತ್ತಡವೂ ಸೇರಿ ನಾಲ್ಕು ವಾಯುಭಾರವಿದ್ದ ಆ ಗಾಳಿ ಮೂರರಷ್ಟು ಹಿಗ್ಗಿ ಬಾಟಲಿಯನ್ನೆಲ್ಲ ತುಂಬಬೇಕಾದರೆ ಅದರ ಒತ್ತಡ ೧.೩೩ ವಾಯುಭಾರದ ಸಮೀಪಕ್ಕೆ ಕುಸಿಯುತ್ತದೆ. ಹಿಗ್ಗುವಾಗ ಗಾಳಿ ತಣ್ಣಗಾಗುವುದರಿಂದ ಕುಸಿತ ಇನ್ನೂ ಹೆಚ್ಚು. ಕೊನೆಯ ನೀರನ್ನು ನೂಕಲು ಅದಕ್ಕೆ ತ್ರಾಣವೇ ಉಳಿಯುವುದಿಲ್ಲ. ನೀರು ತೀರ ಕಡಿಮೆಯಾದರೆ ಎಸೆಯುವುದಕ್ಕೆ ಭಾರವೇ ಇಲ್ಲ. ಇವೆರಡರ ನಡುವಿನ ಹದ ಮೂರನೆಯ ಒಂದು ಭಾಗದ ಸುತ್ತಮುತ್ತ ಇರುತ್ತದೆ. ಅಂದಹಾಗೆ, ಬಿದ್ದ ಬಾಟಲಿಯನ್ನು ತಕ್ಷಣ ಎತ್ತಿ ನೋಡಿದರೆ ಒಳಗೆ ತೆಳ್ಳನೆಯ ಬಿಳಿಯ ಮಂಜು ಸುತ್ತುತ್ತಿರುವುದು ಕಾಣಿಸುವುದುಂಟು. ಗಾಳಿ ಹಿಗ್ಗಿ ತಣ್ಣಗಾದುದರಿಂದ ಅದರೊಳಗಿನ ತೇವ ಹನಿಗಟ್ಟಿರುತ್ತದೆ. ಬೆಟ್ಟದ ಮೇಲೆ ಮೋಡ ಕಟ್ಟುವುದೂ ಹೀಗೆಯೇ.

ರಚನೆ

ಇನ್ನು ಕೆಲಸಕ್ಕೆ ಇಳಿಯೋಣ. ಪಾತ್ರೆಯೇ ಮುಖ್ಯ ಎಂಬ ಮೈಸೂರು ಕಮ್ಮಾರರ ಪಾಠ ಇಲ್ಲಿ ಬೇಕಾಗುತ್ತದೆ. ಸೋಡಾ ಜಾತಿಯ ಪಾನೀಯಗಳು ಬರುವ ಪ್ಲಾಸ್ಟಿಕ್ ಬಾಟಲಿಯನ್ನೇ ಆರಿಸಬೇಕು. ಬಿಸಿಲಿನಲ್ಲಿ ಪಾನೀಯದ ಅನಿಲ ಉಂಟುಮಾಡುವ ಹಲವು ವಾಯುಭಾರಗಳ ಒತ್ತಡವನ್ನು ತಡೆಯುವಂತೆ ಅದನ್ನು ಮಾಡಿರುತ್ತಾರೆ. ಕುಡಿಯುವ ನೀರಿನ ತೆಳು ಬಾಟಲಿ ಕೂಡದು. ಗಾಜು, ಲೋಹ ಇವುಗಳ ಮಾತನ್ನೇ ಎತ್ತಬಾರದು. ಗೀರು, ಮಡಿಕೆ, ಬಿಸಿಯಿಂದಾದ ಮಬ್ಬು ಇವುಗಳಲ್ಲಿ ಯಾವುದು ಕಂಡರೂ ಆ ಬಾಟಲಿಯನ್ನು ಕೈಬಿಡಬೇಕು. ಕಾಯಿಸಿದ ಅಂಟನ್ನು ಬಾಟಲಿಗೆ ಹಚ್ಚಬಾರದು. ಕಾವು ತಗಲಿದ ಕಡೆ ಗೋಡೆ ಬಲಗುಂದುತ್ತದೆ.

ಬಾಲಕ್ಕೆ ಗಟ್ಟಿ ರಟ್ಟಿನ ಮೂರು ಅಥವಾ ನಾಲ್ಕು ರೆಕ್ಕೆಗಳನ್ನು ಕತ್ತರಿಸಿ, ಸಮಾನ ಅಂತರದಲ್ಲಿ ಬಾಟಲಿಯ ಕತ್ತಿನ ಕಡೆಗೆ ಅಂಟುಪಟ್ಟಿಯಿಂದ ಬಿಗಿಯಬೇಕು. ಬಾಟಲಿಯ ತಳ ಈಗ ರಾಕೆಟ್ಟಿನ ಮೂಗು. ಅಲ್ಲಿ ರಟ್ಟಿನ ಟೊಪ್ಪಿಗೆಯೊಂದನ್ನು ಕೂಡಿಸಿ, ಅದರೊಳಗೆ ನಿಂಬೆಹಣ್ಣಿನ ಗಾತ್ರದ ಜೇಡಿಮಣ್ಣಿನ ಉಂಡೆಯನ್ನಿಟ್ಟು, ತುದಿಗೆ ಸ್ಪಂಜು ಅಂಟಿಸಬೇಕು. ಚೂಪಾದ ಗಟ್ಟಿ ಮೂಗು ಬೇಡ.

ಈ ಜೇಡಿಮಣ್ಣು ಏಕೆ? ದೀಪಾವಳಿಯ ಬಾಣಕ್ಕೆ ಕಡ್ಡಿ ಏಕೆ ಎಂಬ ಪ್ರಶ್ನೆಗೂ ಇದೇ ಉತ್ತರ. ಹಾರುವ ವಸ್ತುವಿನ ಭಾರವೆಲ್ಲ ನೆಲೆಸಿರುವಂತೆ ವರ್ತಿಸುವ ಬಿಂದು ಒಂದಿದೆ, ಅದು ಗುರುತ್ವಕೇಂದ್ರ. ಗಾಳಿಯ ಒತ್ತಡವೆಲ್ಲ ಸೇರಿ ವರ್ತಿಸುವ ಬಿಂದು ಮತ್ತೊಂದು, ಅದು ಒತ್ತಡಕೇಂದ್ರ. ಗುರುತ್ವಕೇಂದ್ರ ಮುಂದೆ, ಒತ್ತಡಕೇಂದ್ರ ಹಿಂದೆ ಇದ್ದರೆ, ಬಾಣ ಓರೆಯಾದಾಗ ಗಾಳಿಯೇ ಅದರ ಬಾಲವನ್ನು ನೂಕಿ ನೆಟ್ಟಗೆ ಮಾಡುತ್ತದೆ. ತಿರುಗುಮುರುಗಾದರೆ ಬಾಣ ಗಿರಕಿ ಹೊಡೆಯುತ್ತದೆ. ಮೈಸೂರಿನ ಬಾಣದ ಬಿದಿರು ಗಾಳಿಯ ಹಿಡಿತವನ್ನು ಹಿಂದಕ್ಕೆ ಒಯ್ಯುತ್ತಿತ್ತು. ನಮ್ಮ ರೆಕ್ಕೆಗಳು ಮಾಡುವುದೂ ಅದನ್ನೇ. ಜೇಡಿಮಣ್ಣು ಗುರುತ್ವಕೇಂದ್ರವನ್ನು ಮುಂದಕ್ಕೆ ತರುತ್ತದೆ. ಪರೀಕ್ಷೆ ಸುಲಭ. ನೀರಿಲ್ಲದ ರಾಕೆಟ್ಟು ಯಾವ ಬಿಂದುವಿನಲ್ಲಿ ಸಮತೂಗುವುದೋ ಅಲ್ಲಿಗೆ ದಾರ ಕಟ್ಟಿ, ಬಯಲಲ್ಲಿ ನಿಂತು ತಲೆಯ ಸುತ್ತ ಬೀಸಬೇಕು. ಮೂಗು ಮುಂದಾಗಿ ಸುತ್ತಿದರೆ ಸರಿ. ಬಾಲ ಮುಂದಾದರೆ ಮಣ್ಣನ್ನೋ ರೆಕ್ಕೆಯನ್ನೋ ಹೆಚ್ಚಿಸಬೇಕು. ಈ ಪರೀಕ್ಷೆಯಲ್ಲಿ ಗೆಲ್ಲದ ರಾಕೆಟ್ಟನ್ನು ಹಾರಿಸಕೂಡದು.

ಉಡಾವಣೆಯ ಪೀಠಕ್ಕೆ ದಪ್ಪ ಹಲಗೆಯೊಂದು ಸಾಕು. ಬಾಟಲಿಯ ಬಾಯಿಗೆ ಬಿಗಿಯಾಗಿ ಕೂರುವ ರಬ್ಬರು ಬಿರಡೆಯಲ್ಲಿ ಸೈಕಲ್ ಟ್ಯೂಬಿನ ವಾಲ್ವನ್ನು ತೂರಿಸಿ ಹಲಗೆಗೆ ಭದ್ರಪಡಿಸಬೇಕು. ಬಾಟಲಿಯ ಕತ್ತಿನಲ್ಲಿರುವ ಉಂಗುರವನ್ನು ಹಿಡಿದಿಡುವಂತೆ ಕವಲುಳ್ಳ ಕಂಬಿಯೊಂದನ್ನು ಅಳವಡಿಸಿ, ಅದಕ್ಕೆ ಎಂಟು ಹತ್ತು ಮೀಟರ್ ಹಗ್ಗ ಕಟ್ಟಬೇಕು. ಹಗ್ಗ ಎಳೆದಾಗ ಕಂಬಿ ಜಾರಿ ರಾಕೆಟ್ಟು ಬಿಡುಗಡೆಯಾಗುತ್ತದೆ. ಕಂಬಿಯಿಲ್ಲದೆ ಬಿರಡೆಯೊಂದನ್ನೇ ನಂಬಿದರೆ ಅದು ಯಾವಾಗ ಕಳಚುವುದೆಂದು ಹೇಳಲಾಗದು. ಒತ್ತಡಮಾಪಕವಿರುವ ಸೈಕಲ್ ಪಂಪಿಗೆ ಅಷ್ಟೇ ಉದ್ದದ ಕೊಳವೆ ಜೋಡಿಸಬೇಕು. ಆ ಮಾಪಕಗಳು ಚದರ ಅಂಗುಲಕ್ಕೆ ಇಂತಿಷ್ಟು ಪೌಂಡು ಎಂದು ತೋರಿಸುವುದು ವಾಡಿಕೆ. ೪೫ ಪೌಂಡು ಎಂದರೆ ಸುಮಾರು ಮೂರು ವಾಯುಭಾರ. ನಮ್ಮ ಮಿತಿ ಅದೇ.

ಹಾರಿಸುವ ಮೊದಲು ಪ್ರತಿಯೊಂದು ಹೊಸ ಬಾಟಲಿಯನ್ನೂ ಪೂರ್ತಿ ನೀರಿನಿಂದ ತುಂಬಿ, ಪೀಠಕ್ಕೆ ಬಿಗಿದು, ಮಿತಿಯ ಒಂದೂವರೆಯಷ್ಟು ಒತ್ತಡವನ್ನು ದೂರದಿಂದ ಕೊಟ್ಟು ನೋಡಬೇಕು. ಪೂರ್ತಿ ನೀರು ಏಕೆಂದರೆ ನೀರು ಅದುಮಿಕೊಳ್ಳುವುದಿಲ್ಲ, ಶಕ್ತಿಯನ್ನು ಕೂಡಿಡುವುದಿಲ್ಲ; ಬಾಟಲಿ ಬಿರಿದರೂ ಚಿಮ್ಮುವುದಕ್ಕಿಂತ ಸೋರುವುದೇ ಹೆಚ್ಚು.

ಬಯಲು ಮತ್ತು ಕಟ್ಟಳೆ

ಸಂಕ್ರಾಂತಿ ಕಳೆದ ಮೇಲೆ ಇಲವಾಲದ ಸುತ್ತಿನ ಹೊಲಗಳಲ್ಲಿ ರಾಗಿಯ ಕೂಳೆ ಮಾತ್ರ ಉಳಿದಿರುತ್ತದೆ. ಬೆಳಗಿನ ಏಳರಿಂದ ಒಂಬತ್ತರವರೆಗೆ ಗಾಳಿ ಬಹುಮಟ್ಟಿಗೆ ಸ್ತಬ್ಧ. ನಾವು ಮೊದಲ ಸಲ ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದೊಯ್ದಾಗ ಹೊಲದ ಯಜಮಾನರು ಸ್ವಲ್ಪ ಅಳುಕಿದರು. ಬದುವಿನಾಚೆ ರಾಗಿಹುಲ್ಲಿನ ಮೆದೆಗಳಿದ್ದವು. ಒಂದು ಕಿಡಿ ಬಿದ್ದರೆ ವರ್ಷದ ಮೇವು ಬೂದಿ. ಬೆಂಕಿಯ ಗೊಡವೆಯೇ ಇಲ್ಲವೆಂದು ನಾವು ಬಾಟಲಿಯನ್ನು ತೋರಿಸಿದೆವು. ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಬೆಂಕಿ ಇಲ್ದೆ ಬಾಣ ಹಾರ್ತದಾ ಮೇಷ್ಟ್ರೇ?" ಎಂದರು. ಅದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ನಮ್ಮ ಪರೀಕ್ಷೆಯ ಪತ್ರಿಕೆಗಳಲ್ಲಿ ನಾವು ಕಂಡಿಲ್ಲ.

ಅಂದು ನಾವು ಹಾಕಿಕೊಂಡ ಕಟ್ಟಳೆಗಳನ್ನು ಇಲ್ಲಿ ಬರೆಯುತ್ತೇವೆ. ಇವುಗಳಲ್ಲಿ ಒಂದನ್ನೂ ಸಡಿಲಿಸಬಾರದು. ಒಂದು, ನೆಲದ ಒಡೆಯರ ಒಪ್ಪಿಗೆಯಿಲ್ಲದೆ ಹೊಲಕ್ಕೆ ಕಾಲಿಡಬಾರದು. ಎರಡು, ಬಯಲಿನ ಪ್ರತಿಯೊಂದು ಪಕ್ಕವೂ ನೂರು ಮೀಟರಿಗೆ ಕಡಿಮೆಯಿರಬಾರದು. ವಿದ್ಯುತ್ ತಂತಿ, ರಸ್ತೆ, ಮನೆ, ದನ ಮೇಯುವ ತಾಣ, ಸಂರಕ್ಷಿತ ಆವರಣ ಇವು ಹತ್ತಿರ ಇರಬಾರದು. ವಿಮಾನ ನಿಲ್ದಾಣದ ಸಮೀಪವಂತೂ ಸಲ್ಲದು. ಮೂರು, ಗಾಳಿ ತುಂಬಿದ ಬಾಟಲಿಯ ಮೇಲೆ ಯಾರೂ ಬಾಗಬಾರದು, ಅದನ್ನು ಕೈಯಲ್ಲಿ ಹಿಡಿಯಬಾರದು. ಹಗ್ಗ ಎಳೆದರೂ ಬಿಡುಗಡೆಯಾಗದಿದ್ದರೆ ದೂರದಿಂದಲೇ ಗಾಳಿ ಬಿಟ್ಟು ಆಮೇಲೆ ಹತ್ತಿರ ಹೋಗಬೇಕು. ನಾಲ್ಕು, ಪಂಪು ಹೊಡೆಯುವವನೂ ಹಗ್ಗ ಎಳೆಯುವವನೂ ಕಣ್ಣಿಗೆ ರಕ್ಷಾಕನ್ನಡಕ ಧರಿಸಬೇಕು. ಐದು, ಐದರಿಂದ ಒಂದರವರೆಗೆ ಗಟ್ಟಿಯಾಗಿ ಎಣಿಸಿ ಎಲ್ಲರೂ ಮೇಲೆ ನೋಡುತ್ತಿರುವಾಗಲೇ ಹಗ್ಗ ಎಳೆಯಬೇಕು. ಆರು, ಮನುಷ್ಯ, ಪ್ರಾಣಿ, ಪಕ್ಷಿ ಯಾವುದರ ಕಡೆಗೂ ಗುರಿಯಿಡಬಾರದು. ಗುರಿಯಿಟ್ಟೊಡನೆ ಹವ್ಯಾಸ ಮುಗಿದು ಆಯುಧ ಆರಂಭವಾಗುತ್ತದೆ.

ಅಳೆಯದಿದ್ದರೆ ಆಟ, ಅಳೆದರೆ ವಿಜ್ಞಾನ

ಮೊದಲ ರಾಕೆಟ್ಟು ಮೇಲೆದ್ದಾಗ ಎಲ್ಲರೂ ಕೂಗಾಡಿದರು. ಎರಡನೆಯದಕ್ಕೂ ಕೂಗಿದರು. ನಾಲ್ಕನೆಯದರ ಹೊತ್ತಿಗೆ ಕೂಗು ತಗ್ಗಿತು. ಹವ್ಯಾಸಗಳು ಸಾಮಾನ್ಯವಾಗಿ ಸಾಯುವುದು ಇಲ್ಲಿಯೇ. ಬೆಂಕಿಯ ಬಾಣ ಬಲ್ಲವರು ಈ ಹಂತದಲ್ಲಿ ಇನ್ನಷ್ಟು ಸದ್ದು, ಇನ್ನಷ್ಟು ಹೊಗೆ ಬಯಸುತ್ತಾರೆ. ನಾವು ಬೇರೊಂದು ದಾರಿ ಹಿಡಿದು, ಎತ್ತರ ಅಳೆಯಲು ಹೊರಟೆವು.

ಅರ್ಧವೃತ್ತದ ಕೋನಮಾಪಕಕ್ಕೆ ದಾರದಲ್ಲಿ ಸಣ್ಣ ತೂಕವೊಂದನ್ನು ಇಳಿಬಿಟ್ಟು, ನೇರ ಅಂಚಿಗೆ ಕಾಗದದ ಕೊಳವೆಯೊಂದನ್ನು ಅಂಟಿಸಿದರೆ ಕೋನ ನೋಡುವ ಸಲಕರಣೆ ಸಿದ್ಧ. ಪೀಠದಿಂದ ೫೦ ಮೀಟರ್ ದೂರದಲ್ಲಿ ನಿಂತು, ರಾಕೆಟ್ಟು ತುದಿ ಮುಟ್ಟಿದ ಕ್ಷಣದಲ್ಲಿ ಕೊಳವೆಯ ಮೂಲಕ ಅದನ್ನು ನೋಡಿ, ದಾರವನ್ನು ಬೆರಳಿನಿಂದ ಅದುಮಿ ಹಿಡಿದು ಕೋನವನ್ನು ಓದಬೇಕು. ಏರಿಕೆಯ ಕೋನ ೪೦ ಡಿಗ್ರಿ ಬಂದಿತೆಂದುಕೊಳ್ಳೋಣ. ೪೦ ಡಿಗ್ರಿಯ ಸ್ಪರ್ಶಜ್ಯೆ ೦.೮೪. ಅದನ್ನು ೫೦ರಿಂದ ಗುಣಿಸಿದರೆ ೪೨ ಮೀಟರ್. ನೋಡುವವನ ಕಣ್ಣಿನೆತ್ತರ ಒಂದೂವರೆ ಮೀಟರ್ ಸೇರಿಸಿದರೆ ನಲವತ್ತಮೂರೂವರೆ. ಇನ್ನೊಬ್ಬನು ತುದಿಯಿಂದ ನೆಲಕ್ಕೆ ಬೀಳುವ ಕಾಲವನ್ನು ಅಳೆಯಲಿ. ಮೂರು ಸೆಕೆಂಡು ಬಂದರೆ, ಗಾಳಿಯ ತಡೆಯನ್ನು ಲೆಕ್ಕಿಸದೆ, ಎತ್ತರ ೪೪ ಮೀಟರ್. ಎರಡು ದಾರಿಯಿಂದ ಹೋಗಿ ಒಂದೇ ಮನೆಯನ್ನು ಮುಟ್ಟಿದಾಗ ಆಗುವ ಸಂತೋಷವೇ ಸಂತೋಷ.

ಆದರೆ ಎರಡು ದಾರಿಗಳು ಯಾವಾಗಲೂ ಕೂಡುವುದಿಲ್ಲ. ಅದೇ ಬಾಟಲಿ, ಅಷ್ಟೇ ನೀರು, ಅದೇ ಒತ್ತಡ. ಆದರೂ ಐದು ಸಲ ಹಾರಿಸಿದರೆ ಐದು ಉತ್ತರ. ಒಂದು ಸಲ ಗಾಳಿ ಬೀಸಿತು, ಮತ್ತೊಮ್ಮೆ ರೆಕ್ಕೆ ಡೊಂಕಾಯಿತು, ಇನ್ನೊಮ್ಮೆ ನೋಡುವವನು ತಡಮಾಡಿದನು. ಪ್ರಯೋಗ ಶಾಲೆಯಲ್ಲಿ ಪುಸ್ತಕದ ಉತ್ತರವನ್ನು ಮೊದಲೇ ತಿಳಿದು ಅದಕ್ಕೆ ತಕ್ಕಂತೆ ಅಂಕಿಗಳನ್ನು ತಿದ್ದುವ ನಮ್ಮ ವಿದ್ಯಾರ್ಥಿಗಳು ಇಲ್ಲಿ ತಿದ್ದಲಾರದೆ ಹೋದರು, ಏಕೆಂದರೆ ಈ ಉತ್ತರ ಯಾವ ಪುಸ್ತಕದಲ್ಲಿಯೂ ಇರಲಿಲ್ಲ. ಐದು ಅಳತೆಗಳ ಸರಾಸರಿ ತೆಗೆಯಬೇಕೆಂದು ನಾವು ಹೇಳುವ ಮೊದಲೇ ವಿದ್ಯಾರ್ಥಿನಿಯೊಬ್ಬಳು ತೆಗೆದಿದ್ದಳು. ಇಬ್ಬರು ಎದುರುಬದುರು ನಿಂತು ಕೋನ ನೋಡಿದರೆ ಗಾಳಿಯಿಂದಾಗುವ ತಪ್ಪು ಕಡಿಮೆಯಾಗುವುದೆಂದು ಮತ್ತೊಬ್ಬನು ಕಂಡುಕೊಂಡನು.

ಮುಂದೆ ಮಾಡಬೇಕಾದದ್ದು ಬೇಕಾದಷ್ಟಿದೆ. ನೀರಿನ ಪ್ರಮಾಣವನ್ನು ಸ್ವಲ್ಪ ಸ್ವಲ್ಪವಾಗಿ ಬದಲಿಸಿ ಎತ್ತರದ ನಕ್ಷೆ ಬರೆಯಬಹುದು. ರೆಕ್ಕೆ ಮೂರು ಮೇಲೋ ನಾಲ್ಕು ಮೇಲೋ ಎಂದು ನೋಡಬಹುದು. ಹಳೆಯ ಕೊಡೆಯ ಬಟ್ಟೆಯಿಂದ ಪ್ಯಾರಾಷೂಟು ಹೊಲಿದು, ತುದಿ ಮುಟ್ಟಿದಾಗಲೇ ಅದು ಬಿಚ್ಚಿಕೊಳ್ಳುವಂತೆ ಉಪಾಯ ಹೂಡಬಹುದು. ಇದು ಕಾಣುವಷ್ಟು ಸುಲಭವಲ್ಲವೆಂದು ಮೊದಲೇ ಎಚ್ಚರಿಸುತ್ತೇವೆ. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಬೇಕು ಎಂಬ ನಿಯಮ ನೆನಪಿರಲಿ. ಎರಡನ್ನು ಒಟ್ಟಿಗೆ ಬದಲಿಸಿದರೆ ಗುಣ ಯಾವುದರಿಂದ ಬಂದಿತೆಂದು ತಿಳಿಯುವುದಿಲ್ಲ.

ಭಾರತದ ಮೊದಲ ಸಂಶೋಧನಾ ರಾಕೆಟ್ಟು ೧೯೬೩ರ ನವೆಂಬರ್ ೨೧ರಂದು ಕೇರಳದ ತುಂಬಾ ಎಂಬ ಬೆಸ್ತರ ಊರಿನಿಂದ ಮೇಲೇರಿತು. ಅದರ ಸಿದ್ಧತೆಗೆಂದು ಅಮೆರಿಕಕ್ಕೆ ಹೋಗಿದ್ದ ತರುಣ ಅಬ್ದುಲ್ ಕಲಾಂ ಅವರು, ವಾಲಪ್ಸ್ ದ್ವೀಪದ ರಾಕೆಟ್ ನೆಲೆಯ ಗೋಡೆಯ ಮೇಲೆ ಟಿಪ್ಪುವಿನ ಸೈನ್ಯ ಬಾಣ ಪ್ರಯೋಗಿಸುತ್ತಿರುವ ಚಿತ್ರ ಕಂಡು ಬೆರಗಾದುದನ್ನು ತಮ್ಮ ಆತ್ಮಕಥೆಯಲ್ಲಿ ಹೇಳಿದ್ದಾರೆ. ನಾವು ಮರೆತದ್ದನ್ನು ಪರದೇಶದವರು ಗೋಡೆಯ ಮೇಲೆ ಬರೆದುಕೊಂಡಿದ್ದರು. ಆ ನೆನಪನ್ನು ಉಳಿಸಿಕೊಳ್ಳುವುದೆಂದರೆ ಹೆಮ್ಮೆಯ ಭಾಷಣ ಮಾಡುವುದಷ್ಟೇ ಅಲ್ಲ. ಕಮ್ಮಾರನು ಕೊಳವೆಯನ್ನು ಹೇಗೆ ಪರೀಕ್ಷಿಸಿದ್ದಾನು, ಬಿದಿರಿನ ಉದ್ದವನ್ನು ಹೇಗೆ ಗೊತ್ತುಮಾಡಿದ್ದಾನು ಎಂದು ಕೈಯಾರೆ ಮಾಡಿ ತಿಳಿಯುವುದೂ ಹೌದು.

ಇಲವಾಲದ ಆ ಹೊಲಕ್ಕೆ ನಾವು ಈಗ ಪ್ರತಿವರ್ಷವೂ ಸಂಕ್ರಾಂತಿಯಾದ ಮೇಲೆ ಹೋಗುತ್ತೇವೆ. ಯಜಮಾನರು ಬದುವಿನ ಮೇಲೆ ಕುಳಿತು, ಯಾವ ಬಾಟಲಿ ಎಷ್ಟು ಮೇಲೆ ಹೋದೀತೆಂದು ಮೊದಲೇ ಹೇಳುತ್ತಾರೆ. ಅವರ ಊಹೆ ನಮ್ಮ ಲೆಕ್ಕಕ್ಕೆ ಎಷ್ಟೋ ಸಲ ಸಮೀಪವಾಗಿರುತ್ತದೆ. ಕಳೆದ ಸಲ ಕೋನ ನೋಡಿ ಬರೆಸಿದವನು ಎಡಗೈ ಗಾಯಗೊಂಡಿದ್ದ ಆ ನಮ್ಮ ಹಳೆಯ ವಿದ್ಯಾರ್ಥಿ. ಅವನು ಈಗ ತಾನೇ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದಾನೆ. ಜೊತೆಗೆ ತನ್ನ ಶಾಲೆಯ ಮಕ್ಕಳನ್ನೂ ಕರೆತಂದಿದ್ದನು. ಮಡಿಚದ ಆ ಎರಡು ಬೆರಳುಗಳ ನಡುವೆ ಕೋನಮಾಪಕದ ದಾರವನ್ನು ಹಿಡಿದು ನಿಂತು, ಹುಡುಗನೊಬ್ಬನು "ಸರ್, ಇದಕ್ಕೆ ಮದ್ದು ಹಾಕಿದರೆ ಇನ್ನೂ ಮೇಲೆ ಹೋಗುವುದಿಲ್ಲವೆ?" ಎಂದು ಕೇಳಿದಾಗ, ಅವನು ಆ ಪ್ರಶ್ನೆಯನ್ನು ತಳ್ಳಿಹಾಕಲಿಲ್ಲ. ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು, ತನ್ನ ಕೈಯನ್ನು ತೋರಿಸಿ, ಮೊದಲಿನಿಂದ ಎಲ್ಲವನ್ನೂ ಹೇಳತೊಡಗಿದನು. ಆಮೇಲೆ ಪಂಪನ್ನು ಅವನ ಕೈಗೆ ಕೊಟ್ಟನು.